ಹೊಸ್ತಿಲಿಗೆ ಬಂದ ಬೀದಿ

ಹೋದ ತಿಂಗಳು ಬಾಲ್ಕನಿಯ ಕುಂಡಗಳಿಗೆಂದು ನನ್ನ ಹೆಂಡತಿ ಒಂದು ಚೀಲ ಮಣ್ಣು ತರಿಸಿದಳು. ಈಗ ಮಣ್ಣೂ ಚೀಲದಲ್ಲಿ ಬರುತ್ತದೆ; ಮೇಲೆ ಹೂವಿನ ಚಿತ್ರ, ಕೆಳಗೆ ಬೆಲೆ. ಯಲಹಂಕದ ಮೂರನೆಯ ಮಹಡಿಯಲ್ಲಿ ಕೂತು ಮಣ್ಣು ಕೊಂಡುಕೊಳ್ಳುವವನನ್ನು ಕಂಡಿದ್ದರೆ ನಮ್ಮೂರಿನವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಚೀಲದ ಬಾಯಿ ಕತ್ತರಿಸಿ ಕುಂಡಕ್ಕೆ ಸುರಿದು, ಮೇಲೆ ಒಂದಿಷ್ಟು ನೀರು ಚಿಮುಕಿಸಿದೆ ನೋಡಿ, ನಮ್ಮೂರ ಕೆರೆಯ ವಾಸನೆ ಎದ್ದಿತು. ಬೇಸಿಗೆಯಲ್ಲಿ ಕೆರೆ ಒಣಗಿ ಬಿರುಕು ಬಿಟ್ಟಾಗ, ಆ ಬಿರುಕಿನ ಅಡಿಯಲ್ಲಿ ಇನ್ನೂ ಸ್ವಲ್ಪ ತೇವ ಉಳಿದಿರುತ್ತದಲ್ಲ, ಅದರ ವಾಸನೆ. ನಾನು ಕುಂಡದ ಮುಂದೆ ಹಾಗೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟೆ. "ಏನ್ರೀ, ಪೂಜೆನಾ?" ಎಂದು ಹೆಂಡತಿ ಅಡುಗೆಮನೆಯಿಂದ ಕೇಳಿದಳು. ಏಳೋಣವೆಂದರೆ ಮಂಡಿ ಒಪ್ಪಲಿಲ್ಲ. ಪೂಜೆಯೆಂದೇ ತಿಳಿದುಕೊಳ್ಳಲಿ ಅಂತ ಸುಮ್ಮನೆ ಕೂತಿದ್ದೆ.

ಆ ಕೆರೆಯ ಹೂಳಿಗೆ ನಮ್ಮ ಕಡೆ ಗೋಡು ಎನ್ನುತ್ತಾರೆ. ಬೇಸಿಗೆ ಬಂತೆಂದರೆ ಊರಿಗೆ ಊರೇ ಗಾಡಿ ಕಟ್ಟಿಕೊಂಡು ಕೆರೆಗೆ ಇಳಿದು, ಗೋಡು ತುಂಬಿಕೊಂಡು ಹೊಲಕ್ಕೆ ಹೊಡೆಯುತ್ತಿತ್ತು. ರಾಗಿಗೆ ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ ಎಂಬುದು ಎಲ್ಲರ ನಂಬಿಕೆ. ಆದರೆ ಒಂದು ಬೇಸಿಗೆ ಆ ಗೋಡು ಹೊಲಕ್ಕೆ ಹೋಗುವ ದಾರಿಯಲ್ಲಿ ನಮ್ಮ ಬೀದಿಗೆ ತಿರುಗಿತು. ಯಾಕೆ ತಿರುಗಿತು ಎಂದು ಹೇಳಬೇಕಾದರೆ ರತ್ನತ್ತೆಯ ವಿಷಯ ಹೇಳಬೇಕು. ನಿಮಗೆ ಪುರಸೊತ್ತಿದ್ದರೆ ಹೀಗೆ ಕೂತುಕೊಳ್ಳಿ, ನನಗಂತೂ ಏಳುವ ಆತುರವಿಲ್ಲ.

ನಮ್ಮೂರು ತೂಬಗೆರೆಯಿಂದ ಆಚೆಗೆ. ಬೆಳಗಿನ ಹೊತ್ತು ನಂದಿಬೆಟ್ಟದ ಸಾಲು ಮಂಜಿನಲ್ಲಿ ಅರ್ಧ ಕಂಡು ಅರ್ಧ ಕಾಣದೆ ನಿಂತಿರುತ್ತದೆ. ಬೆಟ್ಟ ರಾತ್ರಿಯಾದರೆ ಎಲ್ಲೋ ತಿರುಗಾಡಲು ಹೋಗುತ್ತದೆ, ಬೆಳಿಗ್ಗೆ ವಾಪಸು ಬಂದು ತನ್ನ ಜಾಗದಲ್ಲಿ ಕೂರುತ್ತದೆ ಎಂದು ನಾನು ಬಹಳ ದಿನ ನಂಬಿದ್ದೆ. ನಂಬಿಸಿದವಳು ರತ್ನತ್ತೆ, ನಮ್ಮಪ್ಪನ ತಂಗಿ. ಜಗಲಿಯ ಮೇಲೆ ಕೂತು, ನನ್ನ ತಲೆಗೆ ಎಣ್ಣೆ ತಟ್ಟುತ್ತಾ, "ನೋಡ್ಲಾ, ಇನ್ನೂ ಪೂರ್ತಿ ಬಂದಿಲ್ಲ. ಸೊಂಟದ ತಂಕ ಬಂದೈತೆ, ತಲೆ ಇನ್ನೂ ದಾರೀಲೈತೆ" ಎನ್ನುತ್ತಿದ್ದಳು. ಬಿಸಿಲು ಏರಿ ಮಂಜು ಕರಗಿ ಬೆಟ್ಟದ ತಲೆ ಕಂಡಾಗ ಇಬ್ಬರೂ ನಿಟ್ಟುಸಿರು ಬಿಡುತ್ತಿದ್ದೆವು. ಅತ್ತೆಗೆ ನಡೆಯಲು ಬರುತ್ತಿರಲಿಲ್ಲ. ಅಂಥವಳು ಬೆಟ್ಟವನ್ನೇ ನಡೆಸುತ್ತಿದ್ದಳು ಎಂಬುದು ಆಗ ನನಗೆ ವಿಶೇಷವಾಗಿ ಕಾಣಲಿಲ್ಲ.

ಅವಳು ಮಗುವಾಗಿದ್ದಾಗ ಜ್ವರ ಬಂದು ಎರಡೂ ಕಾಲು ಬತ್ತಿಹೋಗಿದ್ದವು. ತೋಳು ಮಾತ್ರ ಗಟ್ಟಿ. ನಮ್ಮಪ್ಪ ದೊಡ್ಡಬಳ್ಳಾಪುರದಲ್ಲಿ ಮಗ್ಗ ರಿಪೇರಿ ಮಾಡುವವನೊಬ್ಬನ ಕೈಯಲ್ಲಿ ಒಂದು ಹಲಗೆಗೆ ನಾಲ್ಕು ಬೇರಿಂಗು ಹಾಕಿಸಿ ತಂದಿದ್ದ. ಅದರ ಮೇಲೆ ಕೂತು, ಎರಡು ಕೈಯಲ್ಲಿ ನೆಲವನ್ನು ಹಿಂದಕ್ಕೆ ತಳ್ಳುತ್ತಾ, ಮನೆಯೊಳಗೆಲ್ಲ ಗರಗರ ಎಂದು ಓಡಾಡುತ್ತಿದ್ದಳು. ರೇಷ್ಮೆ ಹುಳು ಸಾಕುವ ಕೋಣೆ ಪೂರ್ತಿ ಅವಳದೇ ರಾಜ್ಯ. ಸೊಪ್ಪು ಕತ್ತರಿಸುವುದು, ಹಾಸಿಗೆ ಬದಲಿಸುವುದು, ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವುದು, ಎಲ್ಲ ಅವಳೇ. ಹುಳುಗಳು ಸೊಪ್ಪು ತಿನ್ನುವಾಗ ದೂರದಲ್ಲೆಲ್ಲೋ ಸಣ್ಣ ಮಳೆ ಬಿದ್ದಂತೆ ಸದ್ದಾಗುತ್ತದೆ. ಆ ಸದ್ದಿನೊಳಗೆ ಅತ್ತೆಯ ಪಕ್ಕ ಗೋಣಿಚೀಲದ ಮೇಲೆ ಮಲಗಿ ನಾನು ಪರೀಕ್ಷೆಗೆ ಓದುತ್ತಿದ್ದೆ. ಓದುತ್ತಿದ್ದೆ ಎಂದರೆ ನಿದ್ದೆ ಮಾಡುತ್ತಿದ್ದೆ. ಅಂಕಪಟ್ಟಿಗಳಲ್ಲಿ ಅದರ ಗುರುತು ಇಂದಿಗೂ ಇದೆ.

ಆದರೆ ಈ ಗರಗರವೆಲ್ಲ ನಮ್ಮ ಮನೆಯ ಹೊಸ್ತಿಲ ತನಕ ಮಾತ್ರ. ನಮ್ಮ ಕಡೆ ಮನೆಗಳಿಗೆ ತಳಪಾಯ ಎತ್ತರ ಇರಬೇಕು. ಹೆಣ್ಣು ಕೊಡುವವರು, ತರುವವರು ಮೊದಲು ನೋಡುವುದೇ ಅದನ್ನು. ಒಳಗೆ ರಾಗಿ ಇದೆಯೋ ಇಲ್ಲವೋ ಆಮೇಲಿನ ಮಾತು. ಬೀದಿಯಿಂದ ಎಷ್ಟು ಮೆಟ್ಟಿಲು ಹತ್ತಿ ಬಂದೆವು ಎಂಬುದರ ಮೇಲೆ ಮನೆತನ ಅಳೆಯುತ್ತಿದ್ದರು. ನಮ್ಮ ತಾತ ಈ ವಿಷಯದಲ್ಲಿ ಧಾರಾಳಿ. ಹೀಗಾಗಿ ಬೆಳಿಗ್ಗೆ ಅಪ್ಪ ಅತ್ತೆಯನ್ನು ಎತ್ತಿಕೊಂಡು ಬಂದು ಜಗಲಿಯ ಮೇಲೆ ಕೂರಿಸಬೇಕು, ಕೆಳಗೆ ಇಳಿಯಬೇಕಾದರೆ ಇಳಿಸಬೇಕು, ಮತ್ತೆ ಎತ್ತಿ ಒಳಗೆ ಬಿಡಬೇಕು. ತೋಟಕ್ಕೆ, ಮದುವೆಗೆ, ಘಾಟಿ ದೇವಸ್ಥಾನಕ್ಕೆ, ಎಲ್ಲಿಗಾದರೂ ಅಪ್ಪನ ಬೆನ್ನ ಮೇಲೆಯೇ. ಅವನು ಒಂದು ದಿನವೂ ಬೇಜಾರು ಮಾಡಿಕೊಂಡದ್ದನ್ನು ನಾನು ಕಾಣೆ. ಅಪ್ಪ ಪೇಟೆಗೆ ಹೋದ ದಿನ ಮಾತ್ರ ಅತ್ತೆ ಕೂತಲ್ಲೇ ಕೂತಿರುತ್ತಿದ್ದಳು. ಎರಚಲು ಬಂದರೆ ಅಮ್ಮ ಗೋಣಿ ಹೊದಿಸಿ, "ಇನ್ನೇನು ಬಂದ್ಬಿಡ್ತಾನೆ ಕಣಮ್ಮಾ" ಎಂದು ಸಮಾಧಾನ ಹೇಳುತ್ತಿದ್ದಳು.

ಅಪ್ಪನಿಗೆ ಇದ್ದದ್ದು ಒಂದೇ ಕೊರಗು. ಊಟಕ್ಕೆ ಕೂತಾಗ, ಬೀಡಿ ಸೇದುವಾಗ, ಬಸ್ಸಿಗೆ ಕಾಯುವಾಗ ಅದು ಅವನ ಬಾಯಿಂದ ಬಂದುಬಿಡುತ್ತಿತ್ತು: "ನಾನು ಇಲ್ದೇ ಹೋದ್ರೆ ಇವಳನ್ನ ಯಾರು ಎತ್ಕೋತಾರೆ?" ನಾನು ದೊಡ್ಡಬಳ್ಳಾಪುರದ ಕಾಲೇಜಿಗೆ ಬಸ್ಸಿನಲ್ಲಿ ಜೋತುಬಿದ್ದು ಹೋಗುತ್ತಿದ್ದ ಕಾಲ ಅದು. "ನಾನಿಲ್ವೇನಪ್ಪಾ" ಎಂದು ಒಮ್ಮೆ ಹೇಳಿದೆ. ಅಪ್ಪ ನನ್ನ ತೋಳು ನೋಡಿದ. ರಟ್ಟೆ ಎಂಬುದು ಇರಬೇಕಾದ ಜಾಗದಲ್ಲಿ ಗಡಿಯಾರ ಕಟ್ಟಿಕೊಂಡರೂ ಮೊಣಕೈ ತನಕ ಜಾರುತ್ತಿತ್ತು. ನೋಡಿ ಬೀಡಿ ಹಚ್ಚಿಕೊಂಡ, ಅದೇ ಹೆಚ್ಚು ಅವಮಾನವಾಯಿತು.

ಕೊನೆಗೆ ಅಪ್ಪನ ಕಿವಿಗೆ ಯಾರೋ ಬೆಂಗಳೂರಿನ ಒಂದು ನಿಲಯದ ವಿಷಯ ಹಾಕಿದರು. ಇಂಥವರನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಊಟ ಬಟ್ಟೆ ಕೊಟ್ಟು ನೋಡಿಕೊಳ್ಳುತ್ತಾರಂತೆ, ಎತ್ತಿಳಿಸಲು ಆಳುಗಳೇ ಇದ್ದಾರಂತೆ. ಅಪ್ಪ ಹೋಗಿ ನೋಡಿಕೊಂಡು ಬಂದ. ಚೊಕ್ಕವಾಗಿದೆ, ಸಾಲಾಗಿ ಮಂಚ ಹಾಕಿದ್ದಾರೆ ಎಂದ. ಅತ್ತೆ ಸೊಪ್ಪು ಕತ್ತರಿಸುತ್ತಲೇ, "ಅಲ್ಲಿಂದ ಬೆಟ್ಟ ಕಾಣ್ತದಾ ಅಣ್ಣ?" ಎಂದಳು. ಅಪ್ಪ ಟವೆಲು ಕೊಡವಿ ಹೊರಗೆ ಎದ್ದುಹೋದ. ನಿಜ ಹೇಳುತ್ತೇನೆ, ಆ ಸಂಜೆ ನನಗೆ ಅಪ್ಪನ ಮೇಲೆ ಬಹಳ ಸಿಟ್ಟು ಬಂದಿತ್ತು. ಈಗ ನೆನೆದರೆ ಅವನ ಮೇಲೆ ಕನಿಕರವೇ ಬರುತ್ತದೆ.

ಇಂಥ ಹೊತ್ತಿನಲ್ಲಿ ವಿಮಲಾ ಮೇಡಂ ಬಂದರು. ಇಲಾಖೆಯವರು, ಮೊಪೆಡ್ಡಿನಲ್ಲಿ ಹಳ್ಳಿ ಹಳ್ಳಿ ಸುತ್ತುವವರು. ತೊಂಬತ್ತರ ಆಚೀಚಿನ ಆ ವರ್ಷಗಳಲ್ಲಿ ಸರ್ಕಾರಕ್ಕೆ ಒಂದು ಹೊಸ ಯೋಚನೆ ಬಂದಿತ್ತು. ಅಂಗವಿಕಲರನ್ನು ಹಿಡಿದು ತಂದು ಒಂದು ಕಡೆ ಗುಡ್ಡೆ ಹಾಕುವುದಲ್ಲ, ಅವರವರ ಊರಿನಲ್ಲೇ, ಅವರವರ ಜನದ ನಡುವೆಯೇ ಬಾಳುವ ಹಾಗೆ ಮಾಡಬೇಕು ಎಂದು. ತಿಂಗಳಿಗೆ ಇಷ್ಟು ಮಾಸಾಶನ, ಬಸ್ಸಿಗೆ ಪಾಸು, ಮೂರು ಚಕ್ರದ ಸೈಕಲ್ಲು. ಜಾಗ ಇದ್ದವರಿಗೆ ಅವರ ಹೆಸರಿನಲ್ಲೇ ಒಂದು ಮನೆ. ನಮ್ಮೂರಿಗೆ ಸರ್ಕಾರ ಎಂದರೆ ಅದುವರೆಗೆ ಕಂದಾಯ ಕೇಳುವವರು ಮತ್ತು ಕುಟುಂಬ ಯೋಜನೆಗೆ ಕರೆಯುವವರು. ಇಬ್ಬರನ್ನು ಕಂಡರೂ ಗಂಡಸರು ತೋಟದ ಕಡೆ ಓಡುತ್ತಿದ್ದರು. ಮೇಡಂ ಮೊಪೆಡ್ಡು ನಿಲ್ಲಿಸುವಷ್ಟರಲ್ಲಿ ಬೀದಿ ಖಾಲಿಯಾಗಿತ್ತು. ಸಿಕ್ಕವಳು ಓಡಲಾಗದ ರತ್ನತ್ತೆ ಒಬ್ಬಳೇ. ಇಬ್ಬರೂ ಜಗಲಿಯ ಮೇಲೆ ಕೂತು ಬಹಳ ಹೊತ್ತು ಮಾತಾಡಿದರು.

ಸಂಜೆ ಅತ್ತೆ ಅಪ್ಪನಿಗೆ ಹೇಳಿದಳು, "ಅಣ್ಣ, ನಂಗೊಂದು ಮನೆ ಬೇಕು."

"ಇದು ಯಾರ ಮನೆ ಮತ್ತೆ?"

"ನಿಂದು."

ಅಪ್ಪನ ಮುಖ ನೋಡಲಾಗಲಿಲ್ಲ. "ತಂಗೀನ ಮನೆಯಿಂದ ಆಚೆ ಹಾಕ್ದ ಅಂತ ಊರೋರು ಉಗೀತಾರೆ ನನ್ ಮಕಕ್ಕೆ" ಎಂದ. "ಬೆಂಗಳೂರಿಗೆ ಕಳ್ಸಿದ್ರೆ ಉಗಿಯಲ್ವಾ?" ಎಂದಳು ಅತ್ತೆ. ಅವಳು ಅಣ್ಣನಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಮ್ಮ ಒಲೆಯ ಮುಂದೆ ಸೀರೆಯ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕಳು.

ಮೂರು ದಿನ ಮಾತು ಬಿಟ್ಟ ಮೇಲೆ ಅಪ್ಪ ಒಪ್ಪಿದ. ನಮ್ಮ ಬೀದಿಯ ಇನ್ನೊಂದು ತುದಿಯಲ್ಲಿ ನಮ್ಮದೇ ಒಂದು ಹಾಳುಬಿದ್ದ ಕೊಟ್ಟಿಗೆಯ ಜಾಗವಿತ್ತು, ಅದನ್ನು ಅತ್ತೆಯ ಹೆಸರಿಗೆ ಮಾಡಿಕೊಟ್ಟ. ಒಪ್ಪಿದ ಮೇಲೆ ಅಪ್ಪನನ್ನು ಹಿಡಿಯುವವರಿರಲಿಲ್ಲ. ಸರ್ಕಾರದ ನಕ್ಷೆಯಲ್ಲಿ ಮನೆ ನೆಲಕ್ಕೆ ಅಂಟಿಕೊಂಡಂತಿತ್ತು. "ಇದೇನ್ ಮನೆಯೋ ಕೋಳಿ ಗೂಡೋ? ನನ್ ತಂಗಿ ಮನೆ ನಾಲ್ಕು ಜನದ ಮನೆಗಿಂತ ತಗ್ಗಿಗಿರ್ಬೇಕಾ?" ಎಂದು ಮೇಸ್ತ್ರಿ ಮುನಿಯಪ್ಪನನ್ನು ಕರೆದು, ತನ್ನ ಕೈಯಿಂದಲೇ ದುಡ್ಡು ಹಾಕಿ ಕಲ್ಲು ತರಿಸಿ ತಳಪಾಯ ಎತ್ತಿಸಿದ. ಮುನಿಯಪ್ಪನಿಗೂ ಹುರುಪು. ಬೀದಿಯವರೆಲ್ಲ ಬಂದು ನೋಡಿ, ಇನ್ನೊಂದು ವರಸೆ ಹಾಕಪ್ಪ, ಕಲ್ಲಿಗೇನು ಬರವೇ ಎಂದು ಹೇಳಿ ಹೋಗುತ್ತಿದ್ದರು. ಅತ್ತೆ ಆ ದಿನಗಳಲ್ಲಿ ಹುಳು ಹಣ್ಣಾಗುವ ಗಡಿಬಿಡಿಯಲ್ಲಿ ಕೋಣೆ ಬಿಟ್ಟು ಈಚೆಗೆ ಬಂದಿರಲಿಲ್ಲ. ಒಳ್ಳೆಯ ದಿನ ನೋಡಿ ಹೊಸ್ತಿಲು ಕೂರಿಸಿದರು. ಮುತ್ತೈದೆಯರು ಅರಿಶಿನ ಕುಂಕುಮ ಇಟ್ಟು, ಹೂ ಮುಡಿಸಿ ಪೂಜೆ ಮಾಡಿದರು.

ಮನೆ ಮುಗಿದ ಮೇಲೆ ಅಪ್ಪ ಅತ್ತೆಯನ್ನು ಬೆನ್ನ ಮೇಲೆ ಹೊತ್ತುಕೊಂಡು ತೋರಿಸಲು ಕರೆತಂದ. ಬೀದಿಯಲ್ಲಿ ಜನ ನಿಂತಿದ್ದರು, ಮುನಿಯಪ್ಪ ಹೊಸ ಪಂಚೆ ಉಟ್ಟಿದ್ದ. ಅಪ್ಪ ಅತ್ತೆಯನ್ನು ಮನೆಯ ಮುಂದೆ ಅವಳ ಹಲಗೆಯ ಮೇಲೆ ಇಳಿಸಿದ. ಅತ್ತೆ ತಲೆ ಮೇಲೆತ್ತಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಬಲು ಚೆನ್ನಾಗೈತೆ ಅಣ್ಣ," ಎಂದಳು. "ಹತ್ತೋದು ಹೆಂಗೆ?"

ಆ ಕ್ಷಣವನ್ನು ನಿಮಗೆ ಹೇಗೆ ಹೇಳಲಿ. ಮುನಿಯಪ್ಪ ತಾನೇ ಕಟ್ಟಿದ ಮೆಟ್ಟಿಲುಗಳನ್ನು ಯಾರೋ ಬೇರೆಯವರು ಕಟ್ಟಿಹೋದಂತೆ ನೋಡಿದ. ಎದುರು ಮನೆಯ ಗಂಗಮ್ಮಜ್ಜಿ "ಅಯ್ಯೋ ಶಿವನೇ" ಎಂದು ತಲೆಯ ಮೇಲೆ ಕೈಯಿಟ್ಟುಕೊಂಡಳು. ಅಷ್ಟು ಜನರಲ್ಲಿ ಒಬ್ಬರಿಗೂ, ಕಾಲೇಜಿನ ಪ್ರಬಂಧ ಸ್ಪರ್ಧೆಯಲ್ಲಿ ಸಮಾಜಸೇವೆಯ ಬಗ್ಗೆ ಬರೆದು ಸ್ಟೀಲಿನ ಲೋಟ ಗೆದ್ದಿದ್ದ ನನಗೂ, ಅದು ಹೊಳೆದಿರಲಿಲ್ಲ. ಪ್ರೀತಿ ಮಾಡಿ ಮಾಡಿ ಅವಳ ಮನೆಯನ್ನು ಅವಳ ಕೈಗೆ ಎಟುಕದ ಹಾಗೆ ಮಾಡಿಬಿಟ್ಟಿದ್ದೆವು.

"ಅದಕ್ಕೇನು, ನಾನಿಲ್ವಾ, ಎತ್ಕೋತೀನಿ" ಎಂದ ಅಪ್ಪ.

"ಹಂಗಾದ್ರೆ ಈ ಮನೆ ಯಾಕಣ್ಣ?" ಎಂದು ಅತ್ತೆ ಹಲಗೆ ತಿರುಗಿಸಿಕೊಂಡಳು. ಅವಳು ಅತ್ತದ್ದನ್ನು ನಾನು ನೋಡಿಲ್ಲ, ಅವತ್ತೂ ನೋಡಲಿಲ್ಲ. ಬೀದಿಯುದ್ದಕ್ಕೂ ಬೇರಿಂಗಿನ ಸದ್ದು ಮಾತ್ರ ಕೇಳಿತು.

ಮಾರನೆಯ ದಿನ ವಿಮಲಾ ಮೇಡಂ ಬಂದು ನೋಡಿ ಮೊಪೆಡ್ಡಿನ ಮೇಲೆಯೇ ಕೂತುಬಿಟ್ಟರು. ಇನ್ನು ಸ್ವಲ್ಪ ದಿನದಲ್ಲಿ ಮೇಲಿನ ಸಾಹೇಬರು ಬರುತ್ತಾರೆ, ಆಕೆ ತಾನಾಗಿ ಒಳಗೆ ಹೋಗಿ ತಾನಾಗಿ ಹೊರಗೆ ಬರಬೇಕು, ಅದನ್ನು ಅವರು ಕಣ್ಣಾರೆ ನೋಡಬೇಕು ಎಂದರು. "ಒಬ್ರೇ ಇರೋಕೆ ಆಗಲ್ಲ ಅಂತ ಬರೆದುಬಿಟ್ರೆ ಮನೆ ಬೇರೆಯವರಿಗೆ ಹೋಗುತ್ತೆ. ಇವರಿಗೆ ಬೆಂಗಳೂರಿನ ನಿಲಯದಲ್ಲೇ ಜಾಗ ಕೊಡ್ತಾರೆ. ಅಲ್ಲಿ ಜಾಗ ಖಾಲಿ ಇದೆ, ಅದೇ ನನಗೆ ಭಯ" ಎಂದರು. ಪಾಪ, ಅವರ ದನಿಯೂ ಬಿದ್ದುಹೋಗಿತ್ತು.

ಹಾಗಾದರೆ ತಳಪಾಯ ಇಳಿಸೋಣ ಎಂದರೆ ಮುನಿಯಪ್ಪ ಕಿವಿ ಮುಚ್ಚಿಕೊಂಡ. "ಪೂಜೆ ಆದ ಹೊಸ್ತಿಲನ್ನ ನಾನು ಮುಟ್ಟಲ್ಲ. ಕಾಲು ಮುರಿದ್ರೂ ಮುಟ್ಟಲ್ಲ" ಎಂದ. ಹಿರಿಯರೂ ತಲೆಯಾಡಿಸಿದರು. ಹೊಸ್ತಿಲು ಒಮ್ಮೆ ಕೂತಿತೆಂದರೆ ಕೂತಿತು. ಕಿತ್ತರೆ ಆ ಮನೆಗೆ ಶ್ರೇಯಸ್ಸಿಲ್ಲ. ಮನೆಯ ಮುಂದೆ ಇಳಿಜಾರು ಕಟ್ಟೋಣ ಎಂದರೆ ಬೀದಿ ಇಕ್ಕಟ್ಟು. ನೇರ ಇಳಿದರೆ ಗಂಗಮ್ಮಜ್ಜಿಯ ಅಡುಗೆಮನೆಗೇ ಹೋಗಿ ನಿಲ್ಲಬೇಕು. ಬೇವಿನ ಮರದ ಕೆಳಗೆ ಎಲ್ಲರೂ ಮುಖ ಮುಖ ನೋಡಿಕೊಂಡು ಕೂತಿದ್ದರು. ಗಂಗಮ್ಮಜ್ಜಿ ಎಲೆ ಅಡಿಕೆ ಉಗುಳಿ ಬಂದು, "ಅಲ್ರಲಾ ಗಂಡಸ್ರಾ, ಬಾಗ್ಲು ಇಳ್ಸಕ್ಕಾಗಲ್ಲ ಅಂದ್ರೆ ಬೀದಿ ಎತ್ರೀ" ಎಂದಳು. ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿ ಕೆರೆಯ ಕಡೆ ನೋಡಿದರು.

ಕೆರೆ ಒಣಗಿತ್ತು, ಗಾಡಿಗಳು ಆಗಲೇ ಗೋಡು ಹೊಡೆಯುತ್ತಿದ್ದವು. ಮಾರನೆಯ ಬೆಳಗಿನಿಂದ ಕೆರೆಯಿಂದ ಏರಿ ಬಂದ ಪ್ರತಿ ಮನೆಯ ಮೊದಲ ಗಾಡಿ ಹೊಲಕ್ಕೆ ಹೋಗುವ ಬದಲು ನಮ್ಮ ಬೀದಿಗೆ ತಿರುಗಿತು. ಯಾರಿಗೂ ಯಾರೂ ಹೇಳಲಿಲ್ಲ, ಹೀಗೇ ಎಂದು ಆಯಿತು. ನಮ್ಮ ಮನೆ ದಾಟಿದ ಮೇಲೆ ಸಣ್ಣಗೆ ಶುರುವಾಗಿ, ಗೊತ್ತೇ ಆಗದಷ್ಟು ನಿಧಾನವಾಗಿ ಏರುತ್ತಾ, ಅತ್ತೆಯ ಹೊಸ್ತಿಲಿಗೆ ಸರಿಸಮ ಬರುವ ಹಾಗೆ ಮುನಿಯಪ್ಪ ದಾರ ಕಟ್ಟಿದ. ಗೋಡಿನ ಮೇಲೆ ಗುಡ್ಡದ ಕಲ್ಲುಮಣ್ಣಿನ ಗರಸು ಹರಡಿ, ನೀರು ಚಿಮುಕಿಸಿ, ಮರದ ಕೊರಡಿನಿಂದ ಬಡಿದು ಗಟ್ಟಿ ಮಾಡಿದರು. ನಾನೂ ಬಡಿದೆ. ಒಂದು ಹೊತ್ತಿಗೇ ಅಂಗೈಯಲ್ಲಿ ಬೊಬ್ಬೆ ಎದ್ದು ಕಾಲೇಜಿಗೆ ರಜೆ ಹಾಕಿದೆ. ಆ ದಿನಗಳು ನನಗೆ ಈಗಲೂ ಕನಸಿನಲ್ಲಿ ಕಂಡಂತೆ ಇವೆ. ಬೆಳಗಿನ ಮಂಜು, ಮಂಜಿನೊಳಗಿನಿಂದ ಎತ್ತಿನ ಗಂಟೆ, ಗಾಡಿ ಕಾಣುವ ಮೊದಲೇ ಬರುವ ಕೆರೆಯ ವಾಸನೆ. ಬೀದಿ ನಿಧಾನವಾಗಿ ಏಳುತ್ತಿತ್ತು. ಅತ್ತೆ ನಮ್ಮ ಜಗಲಿಯ ಮೇಲೆ ಕೂತು ಬೆಟ್ಟದ ಕಡೆ ನೋಡುವುದನ್ನು ಬಿಟ್ಟು ಬೀದಿಯನ್ನೇ ನೋಡುತ್ತಿದ್ದಳು.

ಎಡವಟ್ಟು ಏನಾಯಿತೆಂದರೆ, ಬೀದಿ ಎದ್ದಂತೆ ಎದುರು ಮನೆಗಳ ಮೆಟ್ಟಿಲುಗಳು ಒಂದೊಂದಾಗಿ ಮಣ್ಣಿನೊಳಗೆ ಹೋದವು. ಊರಿಗೇ ಎತ್ತರವೆಂದು ಹೆಸರಾಗಿದ್ದ ಗಂಗಮ್ಮಜ್ಜಿಯ ಮನೆ ಬೀದಿಗೆ ಸಮನಾಯಿತು. ಮೊಮ್ಮಗಳನ್ನು ನೋಡಲು ಬರುವವರಿಗೆ ಏನು ತೋರಿಸಲಿ ಎಂದು ಅಜ್ಜಿ ಊರೆಲ್ಲ ಬೈದುಕೊಂಡು ತಿರುಗಿದಳು. "ನೀನೇ ಅಲ್ವಾ ಹೇಳಿದ್ದು" ಎಂದರೆ, "ನಾನು ಹೇಳ್ದೆ ಅಂತ ನೀವು ಮಾಡ್ಬಿಡಾದಾ?" ಎಂದು ಇನ್ನೂ ಜೋರಾಗಿ ಬೈಯುತ್ತಿದ್ದಳು. ಆದರೆ ಮಾರನೆಯ ದಿನದಿಂದ ತನ್ನ ಬೀಸುವ ಕಲ್ಲು ಬಿಟ್ಟು ಅತ್ತೆಯ ಖಾಲಿ ಮನೆಯ ಮುಂದೆ ರಂಗೋಲಿ ಹಾಕುತ್ತಿದ್ದವಳೂ ಅವಳೇ.

ಸಾಹೇಬರು ಜೀಪಿನಲ್ಲಿ ಬಂದರು. ಸಣ್ಣ ಮನುಷ್ಯ, ಕಪ್ಪು ಕನ್ನಡಕ. ಬೀದಿ, ಮನೆ, ನಕ್ಷೆ ಮೂರನ್ನೂ ನೋಡಿ, "ಏನಮ್ಮಾ ಇದು, ತಳಪಾಯ ನಕ್ಷೆ ಪ್ರಕಾರ ಇಲ್ವಲ್ಲ" ಎಂದು ವಿಮಲಾ ಮೇಡಂ ಕಡೆ ತಿರುಗಿದರು. ಮೇಡಂ, "ನಕ್ಷೇಲಿ ಮನೆ ಮಾತ್ರ ಇದೆ ಸಾರ್, ಬೀದಿ ಇಲ್ಲ. ಬೀದಿ ಇವರು ಸೇರಿಸಿದ್ದಾರೆ" ಎಂದರು. ಆ ಮಾತು ಅವರಿಗೆ ಅರ್ಥವಾಯಿತೋ ಇಲ್ಲವೋ, "ಸರಿ, ಎಲ್ಲಿ ಆಕೆ?" ಎಂದರು.

ಅಪ್ಪ ಅತ್ತೆಯನ್ನು ನಮ್ಮ ಮನೆಯ ಮೆಟ್ಟಿಲಿಳಿಸಿ ಬೀದಿಯಲ್ಲಿ ಹಲಗೆಯ ಮೇಲೆ ಕೂರಿಸಿದ. ಅಲ್ಲಿಂದ ಮುಂದಕ್ಕೆ ಅವಳ ಹಿಂದೆಯೇ ಎರಡು ಕೈ ಚಾಚಿಕೊಂಡು ಹೊರಟ. ಅತ್ತೆ ತಿರುಗಿ ನೋಡಿ, "ನೀ ಅಲ್ಲೇ ನಿಂತ್ಕೋ ಅಣ್ಣ" ಎಂದಳು. ಎರಡು ಅಂಗೈಯನ್ನು ನೆಲಕ್ಕೆ ಊರಿದಳು. ಹಲಗೆ ಗರಗರ ಎಂದು ಏರತೊಡಗಿತು. ನಡುವೆ ಒಂದು ಕಡೆ ಗರಸಿಗೆ ಬೇರಿಂಗು ಸಿಕ್ಕಿ ಹಲಗೆ ನಿಂತಿತು. ಅಪ್ಪ ಒಂದು ಹೆಜ್ಜೆ ಮುಂದಿಟ್ಟವನು ಅಮ್ಮ ಕಣ್ಣು ಬಿಟ್ಟದ್ದಕ್ಕೆ ಹಿಂದೆ ಸರಿದ. ಅತ್ತೆ ಸ್ವಲ್ಪ ಹಿಂದಕ್ಕೆ ಬಂದು, ಪಕ್ಕಕ್ಕೆ ತಿರುಗಿಸಿಕೊಂಡು, ಮತ್ತೆ ತಳ್ಳಿ ಮೇಲೇರಿದಳು. ಸೆರಗಿನ ತುದಿಯಲ್ಲಿ ಕಟ್ಟಿದ್ದ ಬೀಗದ ಕೈ ಬಿಚ್ಚಿ ಬಾಗಿಲು ತೆಗೆದಳು. ಬಲಗೈಯಲ್ಲಿ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಹಲಗೆಯ ಮುಂಭಾಗವನ್ನು ಒಂಚೂರು ಎತ್ತಿ ಒಳಗೆ ದಾಟಿದಳು. ದಾಟಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಅಗುಳಿ ಬಿದ್ದ ಸದ್ದು ಕೇಳಿತು.

ಸಾಹೇಬರು ಕನ್ನಡಕ ತೆಗೆದರು. ಹೊತ್ತು ಹೋಯಿತು. ಅಪ್ಪ ತಡೆಯಲಾರದೆ ಓಡಿಹೋಗಿ ಬಾಗಿಲು ಬಡಿದ. "ರತ್ನಾ, ಏಯ್ ರತ್ನಾ, ಏನಾಯ್ತೇ?"

ಒಳಗಿನಿಂದ ಅತ್ತೆಯ ದನಿ ಬಂತು. "ಯಾರು?"

ಅಪ್ಪ ಗಲಿಬಿಲಿಗೊಂಡು ನಮ್ಮನ್ನೆಲ್ಲ ನೋಡಿದ. "ನಾನು ಕಣೇ!"

"ನಾನು ಅಂದ್ರೆ?"

ಗಂಗಮ್ಮಜ್ಜಿ ಕಿಸಕ್ಕನೆ ನಕ್ಕಳು. ಅಷ್ಟು ವರ್ಷ ಒಬ್ಬರಾದರೂ ಅತ್ತೆಯ ಮನೆಗೆ ಬಂದಿರಲಿಲ್ಲ, ಬರಲು ಅವಳಿಗೊಂದು ಮನೆ ಇರಲಿಲ್ಲ. ಒಳಗಿದ್ದುಕೊಂಡು ಯಾರು ಎಂದು ಕೇಳುವುದು, ಬನ್ನಿ ಎನ್ನುವುದು, ನಮಗೆಲ್ಲ ಉಸಿರಾಡಿದಷ್ಟು ಸಲೀಸಾದ ಆ ಸಣ್ಣ ಸುಖ ಅವಳಿಗೆ ಸಿಕ್ಕೇ ಇರಲಿಲ್ಲ. ಅಪ್ಪನಿಗೆ ಅದು ಅರ್ಥವಾಯಿತು ಎಂದು ಅವನ ಬೆನ್ನು ನೋಡಿಯೇ ನನಗೆ ಗೊತ್ತಾಯಿತು. ಬಾಗಿಲಿಗೆ ಹಣೆಯಿಟ್ಟು, ಮೆಲ್ಲಗೆ, "ನಿಮ್ಮಣ್ಣ ಕಣಮ್ಮಾ" ಎಂದ.

ಅಗುಳಿ ಸರಿಯಿತು. "ಬಾ ಅಣ್ಣ, ಒಳಗ್ ಬಾ. ಸಾಹೇಬ್ರೇ, ಬನ್ನಿ. ಎಲ್ಲಾರೂ ಬನ್ನಿ" ಎಂದಳು ಅತ್ತೆ. ಸಾಹೇಬರು ಬೂಟು ಬಿಚ್ಚಿ ಒಳಗೆ ಹೋದರು. ಕಾಗದಕ್ಕೆ ರುಜು ಹಾಕಿ, ಬೆಲ್ಲ ನೀರು ಕುಡಿದು ಹೊರಟುಹೋದರು. ಅಪ್ಪ ಮಾತ್ರ ಮೂಲೆಯಲ್ಲಿ ಕೂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಚಿಕ್ಕ ಹುಡುಗನ ಹಾಗೆ ಅತ್ತ.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. ಅತ್ತೆಯ ಮನೆಗೆ ರೇಷ್ಮೆ ಹುಳು ಬಂತು, ಇಲಾಖೆಯ ಮೂರು ಚಕ್ರದ ಸೈಕಲ್ಲು ಬಂತು, ಬೀದಿಯ ಹೆಂಗಸರೆಲ್ಲ ಮಧ್ಯಾಹ್ನ ಅಲ್ಲೇ ಸೇರುವಂತಾಯಿತು. ವಿಮಲಾ ಮೇಡಂಗೆ ಬೇರೆ ಊರಿಗೆ ವರ್ಗವಾಯಿತು. ನಾನು ಮೇಷ್ಟ್ರ ಕೆಲಸ ಹಿಡಿದು ಯಲಹಂಕ ಸೇರಿದೆ. ಬಹಳ ವರ್ಷಗಳ ಮೇಲೆ ಒಂದು ದಿನ ಅಪ್ಪ ಹೊಲದಲ್ಲಿ ಕುಸಿದ. ಬಲಭಾಗ ಪೂರ್ತಿ ಬಿದ್ದುಹೋಯಿತು. ಆಸ್ಪತ್ರೆಯಿಂದ ಗಾಲಿಕುರ್ಚಿಯ ಮೇಲೆ ಕೂರಿಸಿಕೊಂಡು ತಂದು, ನಮ್ಮ ಮನೆಯ ಮುಂದೆ ನಿಲ್ಲಿಸಿ, ತಾತ ಕಟ್ಟಿಸಿದ ಆ ಮೆಟ್ಟಿಲುಗಳ ಕಡೆ ನಾನೂ ಅಮ್ಮನೂ ನೋಡಿದೆವು. ಅಪ್ಪನನ್ನು ಯಾರು ಎತ್ತಿಕೊಳ್ಳಬೇಕು? ನನ್ನ ತೋಳಂತೂ ಆಗಲೇ ಹೇಳಿದ ತೋಳು. ಬೀದಿಯ ಆ ತುದಿಯಿಂದ ಅತ್ತೆ ಕೂಗಿ ಹೇಳಿದಳು, "ಯಾಕ್ಲಾ ಅಲ್ಲಿ ನಿಂತಿದೀಯ? ಈ ಕಡೆ ತಳ್ಕೊಂಡು ಬಾ."

ನಾಲ್ಕು ದಿನಕ್ಕೆಂದು ಹೋದ ಅಪ್ಪ ಕೊನೆಯ ತನಕ ತಂಗಿಯ ಮನೆಯಲ್ಲೇ ಇದ್ದ. ಅಮ್ಮ ಅಡುಗೆ ಮಾಡಿ ತರುತ್ತಿದ್ದಳು, ಅತ್ತೆ ತಿನ್ನಿಸುತ್ತಿದ್ದಳು. ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ಬೆಳಗಿನ ಬಿಸಿಲಿಗೆ ಹೊರಗೆ ಕೂರಿಸಿ ವಾಪಸು ತರುವಾಗ, ಬಾಗಿಲು ತೆಗೆದೇ ಇದ್ದರೂ, ಅವನು ಎಡಗೈಯಿಂದ ಬಾಗಿಲ ಚೌಕಟ್ಟನ್ನು ತಟ್ಟುತ್ತಿದ್ದ. ಅತ್ತೆ ಒಳಗಿನಿಂದ "ಬಾ ಅಣ್ಣ" ಅನ್ನುವವರೆಗೆ ಒಳಗೆ ಬರಲು ಒಪ್ಪುತ್ತಿರಲಿಲ್ಲ.

ಹೋದ ವರ್ಷ ಅಪ್ಪನ ತಿಥಿ ಮುಗಿಸಿ ಹೊರಡುವಾಗ, "ಅತ್ತೆ, ಒಬ್ಬಳೇ ಯಾಕಿರ್ತೀಯ, ಒಂದು ಹದಿನೈದು ದಿನ ನಮ್ಮನೆಗೆ ಬಾ" ಎಂದೆ. ಕರೆಯುವಾಗ ನನ್ನ ದನಿಯಲ್ಲಿ ದೊಡ್ಡತನ ಇತ್ತು ಅನ್ನಿಸುತ್ತದೆ. ಅತ್ತೆ ಸೊಪ್ಪಿನ ಬುಟ್ಟಿ ಪಕ್ಕಕ್ಕಿಟ್ಟು ನನ್ನನ್ನೇ ನೋಡಿದಳು.

"ನಿಮ್ಮನೆಗೆ ಎಷ್ಟ್ ಮೆಟ್ಲು ಮಗಾ?"

"ಲಿಫ್ಟ್ ಐತಲ್ಲತ್ತೆ!"

"ಲಿಫ್ಟ್ ತಂಕ?"

ಅದೇ ಬಾಗಿಲಲ್ಲಿ ವರ್ಷಾನುಗಟ್ಟಲೆ ಹತ್ತಿ ಇಳಿದಿದ್ದೇನೆ, ಆದರೆ ಲಿಫ್ಟಿನ ಮುಂದೆ ಮೆಟ್ಟಿಲಿವೆಯೇ, ಇದ್ದರೆ ಎಷ್ಟಿವೆ, ಎಷ್ಟು ನೆನೆಸಿಕೊಂಡರೂ ಕಣ್ಣಿಗೆ ಬರಲಿಲ್ಲ. ಅವತ್ತು ಸಂಜೆ ಬಂದು ನೋಡಿದೆ. ಹೊಳೆಯುವ ಕರಿಕಲ್ಲಿನ ಅಗಲವಾದ ಮೆಟ್ಟಿಲುಗಳು, ಬಲು ಚೆನ್ನಾಗಿದ್ದವು. ಅವುಗಳ ಮುಂದೆ ನಿಂತಾಗ ನಾಚಿಕೆಯಾಯಿತು.

ಈ ಮಣ್ಣಿನ ಚೀಲ ಬಂದ ದಿನದಿಂದ ನನಗೆ ಸುಮ್ಮನಿರಲಾಗಿಲ್ಲ. ಭಾನುವಾರ ನಮ್ಮ ನಿವಾಸಿಗಳ ಸಂಘದ ಸಭೆಯಲ್ಲಿ ಎದ್ದು ನಿಂತು, ಮುಂಬಾಗಿಲಿಗೆ ಒಂದು ಇಳಿಜಾರು ಬೇಕು ಎಂದೆ. ಇಲ್ಲಿ ಅಂಥವರು ಯಾರೂ ಇಲ್ಲವಲ್ಲ ಸಾರ್ ಎಂದರು ಕಾರ್ಯದರ್ಶಿ. ಬರುವ ಹಾಗೆ ಇಲ್ಲವಲ್ಲ, ಅದಕ್ಕೇ ಇಲ್ಲ ಎಂದೆ. ಮೇಷ್ಟ್ರ ದನಿ ಸ್ವಲ್ಪ ಜೋರಾಗಿಯೇ ಬಂತು. ಎರಡನೆಯ ಮಹಡಿಯ ಒಬ್ಬ ಮುದುಕರು, ಸಭೆಯಲ್ಲಿ ಎಂದೂ ಬಾಯಿ ತೆರೆಯದವರು, ನನ್ನ ಮಂಡಿಗೂ ಬೇಕು ಎಂದು ಕೈ ಎತ್ತಿದರು. ಹಾಗೂ ಹೀಗೂ ಒಪ್ಪಿಗೆಯಾಯಿತು. ಮೊನ್ನೆಯಿಂದ ಕೆಲಸ ನಡೆಯುತ್ತಿದೆ.

ಇವತ್ತು ಬೆಳಿಗ್ಗೆ ಅತ್ತೆಗೆ ಫೋನು ಮಾಡಿ ಹೇಳಿದೆ.

"ಹಂಗಾದ್ರೆ ಬರ್ತೀನಿ" ಎಂದಳು. "ನೀನು ಬಸ್ ಸ್ಟಾಂಡಿಗೆ ಬರಬ್ಯಾಡ, ಆಟೋದವನಿಗೆ ದಾರಿ ಹೇಳು ಸಾಕು." ಆಮೇಲೆ, "ನಿಮ್ಮಪ್ಪ ಇದ್ದಿದ್ರೆ ಅವನನ್ನೂ ನಾನೇ ಕರ್ಕೊಂಡ್ ಬರ್ತಿದ್ದೆ ಕಣೋ" ಎಂದಳು.